ಯವರಸಕ್ಕೆ ಗಾಳಿಯೇಕೆ?

ಇಂಗ್ಲೆಂಡು, ಅಮೆರಿಕ ಮೊದಲಾದ ದೇಶಗಳಲ್ಲಿ ತಮ್ಮ ಬಳಕೆಯ ಬಿಯರನ್ನು ಮನೆಯಲ್ಲಿಯೇ ತಯಾರಿಸಿಕೊಳ್ಳುವ ಗೃಹಸ್ಥರು ಅನೇಕರಿರುವರು. ಇಂಗ್ಲೆಂಡಿನಲ್ಲಿ ಇದಕ್ಕೆ ಬೇಕಾಗಿದ್ದ ಸರಕಾರದ ಲೈಸೆನ್ಸು 1963ರಲ್ಲಿ ರದ್ದಾಯಿತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರನು ಸಹಿಮಾಡಿದ ಶಾಸನವು ಇದಕ್ಕೆ ಅವಕಾಶ ಕೊಟ್ಟಿತು. ತಯಾರಿಸುವ ಕ್ರಮ ಸ್ಥೂಲವಾಗಿ ಹೀಗೆ: ಜವೆಗೋಧಿಯನ್ನು ನೆನಸಿ, ಮೊಳಕೆ ಬರಿಸಿ, ಒಣಗಿಸಿ, ನುಚ್ಚುಮಾಡಿ, ಬಿಸಿನೀರಿನಲ್ಲಿ ಕಲಸಿಟ್ಟರೆ ಧಾನ್ಯದ ಪಿಷ್ಟವು ಸಕ್ಕರೆಯಾಗಿ ನೀರಿಗಿಳಿಯುವುದು. ಸಿಹಿಯಾದ ಈ ತಿಳಿಗೆ ಇಂಗ್ಲಿಷರು ವರ್ಟ್ ಎನ್ನುವರು. ನಾವು ಯವರಸ ಎಂದು ಕರೆಯೋಣ. ಯವರಸಕ್ಕೆ ಹಾಪ್ಸ್ ಎಂಬ ಕಹಿಹೂವನ್ನು ಸೇರಿಸಿ ಒಂದು ಗಂಟೆಯಷ್ಟು ಕಾಲ ಕುದಿಸಿ ಆರಿಸುವರು. ಅನಂತರ ಯೀಸ್ಟನ್ನು ಬೆರಸಿದರೆ ರಸವು ಹುದುಗೆದ್ದು, ಸಕ್ಕರೆಯು ಮದ್ಯಸಾರವೂ ಇಂಗಾಲಾಮ್ಲ ವಾಯುವೂ ಆಗಿ ಒಡೆಯುವುದು.

ರಸವು ಆರಿದ ಮೇಲೆ, ಯೀಸ್ಟನ್ನು ಹಾಕುವುದಕ್ಕೆ ಮುಂಚೆ, ಈ ಗೃಹಸ್ಥರು ಒಂದು ವಿಚಿತ್ರವಾದ ಕೆಲಸವನ್ನು ಮಾಡುವರು. ನಮ್ಮ ಹೋಟಲಿನ ಮಾಣಿಯು ಕಾಫಿಯನ್ನು ಎತ್ತಿ ಹೊಯ್ಯುವಂತೆ ರಸವನ್ನು ಪಾತ್ರೆಯಿಂದ ಪಾತ್ರೆಗೆ ನೊರೆಬರುವಂತೆ ಹೊಯ್ಯುವರು. ಇಲ್ಲವೆ ದೊಡ್ಡ ಸೀಸೆಯನ್ನು ತೋಳು ಸೋಲುವವರೆಗೆ ಕುಲುಕುವರು. ಇನ್ನು ಕೆಲವರು ಬಣ್ಣದ ಮೀನುಗಳ ತೊಟ್ಟಿಗೆ ಇಡುವಂಥ ಸಣ್ಣ ಪಂಪಿನಿಂದ ಗಾಳಿಯನ್ನು ಊದುವರು. ಅದೇ ಜನ, ಹುದುಗು ಚೆನ್ನಾಗಿ ಎದ್ದ ಬಳಿಕ, ಅದೇ ರಸಕ್ಕೆ ಗಾಳಿಯನ್ನು ಸೋಂಕಗೊಡರು. ಸೋಂಕಿದರೆ ಬಿಯರಿಗೆ ತೊಯ್ದ ರಟ್ಟುಕಾಗದದ ವಾಸನೆ ಹಿಡಿಯುವುದೆಂಬ ಭಯ. ಒಂದು ಗಳಿಗೆ ಹಿಂದೆ ಬೇಕಾಗಿದ್ದ ಗಾಳಿ ಮುಂದಿನ ಗಳಿಗೆಗೆ ಬೇಡವಾಗುವುದೇಕೆ? ಈ ಸಣ್ಣ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯಲು ಯೂರೋಪಿನ ಪಂಡಿತರಿಗೆ ನೂರೈವತ್ತು ವರ್ಷಗಳು ಹಿಡಿದವು. ಮದ್ಯಪಾನದ ಗುಣದೋಷಗಳು ಈ ಭಾಷಣದ ವಿಷಯವಲ್ಲ. ಆ ಪದಾರ್ಥವನ್ನು ಮುಟ್ಟದವರೂ ಅದರ ಚರಿತ್ರೆಯನ್ನು ಕೇಳಲು ಅಡ್ಡಿಯಿಲ್ಲ. ಅದಕ್ಕಾಗಿ ಐದಾರು ವರ್ಷ ದುಡಿದ ಲೂಯಿ ಪಾಸ್ಟರನಿಗೇ ಬಿಯರು ಅಷ್ಟಾಗಿ ರುಚಿಸುತ್ತಿರಲಿಲ್ಲ.

ಪಂಡಿತರು ಕಾರಣ ಹುಡುಕುವುದಕ್ಕೆ ಬಹು ಹಿಂದಿನಿಂದಲೂ ಆಚರಣೆ ಇದ್ದಿತು. ಬ್ರೂವರುಗಳು ಕುದಿದ ರಸವನ್ನು ಆರಿಸಲು ಕಟ್ಟಡದ ಮೇಲ್ಭಾಗದಲ್ಲಿ ಅಗಲವಾದ, ಆಳವಿಲ್ಲದ ತೊಟ್ಟಿಗಳನ್ನು ಇಟ್ಟಿರುತ್ತಿದ್ದರು. ಕಿಟಕಿಗಳಿಂದ ತಣ್ಣನೆಯ ಗಾಳಿ ಬೀಸುತ್ತಿರಲು ರಸವು ಅಂಗುಲಗಳ ಲೆಕ್ಕದ ಆಳದಲ್ಲಿ ಹರಡಿಕೊಂಡು ಇರುಳೆಲ್ಲ ಆರುತ್ತಿತ್ತು. ಕುದಿಯುವಾಗ ರಸದೊಳಗಣ ವಾಯುವೆಲ್ಲ ಹೊರಟುಹೋಗುವುದಷ್ಟೆ. ಆ ತೊಟ್ಟಿಗಳಲ್ಲಿ ಅದು ಮರಳಿ ಸೇರಿಕೊಳ್ಳುತ್ತಿತ್ತು. ಆರಿಸುವುದು ಉದ್ದೇಶ, ಗಾಳಿಯೂಡುವುದು ಉದ್ದೇಶಿಸದ ಲಾಭ. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಇನ್ನೂ ಮುಂದೆ ಹೋಗಿದ್ದರು. ಅಲ್ಲಿಯ ಕಲ್ಲುತೊಟ್ಟಿಗಳಲ್ಲಿ ಹುದುಗುತ್ತಿರುವ ರಸವನ್ನೇ ತಳದಿಂದ ಎತ್ತಿ ಮೇಲಣ ಅಂತಸ್ತಿನ ಮೇಲೆ ಚೆಲ್ಲಿ ಮತ್ತೆ ಕೆಳಕ್ಕೆ ಹರಿಯಬಿಡುವ ಪದ್ಧತಿಯಿದೆ. ಆ ಸೀಮೆಯ ಯೀಸ್ಟು ಬೇಗ ಮುದ್ದೆಗಟ್ಟಿ ನಿಂತುಹೋಗುವ ಜಾತಿಯದು. ಅದನ್ನು ಎಬ್ಬಿಸುತ್ತಲೇ ಇರಬೇಕು.

ಇಂಥ ಎಬ್ಬಿಸುವಿಕೆಯನ್ನು ಎಲ್ಲರೂ ಒಪ್ಪಿದ್ದರೆಂದಲ್ಲ. 1730ರ ದಶಕದಲ್ಲಿ ಲಂಡನ್ನಿನಲ್ಲಿ ಕರ್ತೃವಿನ ಹೆಸರಿಲ್ಲದೆ ಅಚ್ಚಾದ "ಲಂಡನ್ ಅಂಡ್ ಕಂಟ್ರಿ ಬ್ರೂವರ್" ಎಂಬ ಪುಸ್ತಕದಲ್ಲಿ, ಮೇಲಕ್ಕೆದ್ದ ಯೀಸ್ಟನ್ನು ಮತ್ತೆ ಮತ್ತೆ ರಸದೊಳಕ್ಕೆ ಬಡಿದು ಸೇರಿಸುವ ಅಭ್ಯಾಸವನ್ನು ಅನಾರೋಗ್ಯಕರವೆಂದು ಖಂಡಿಸುವುದಕ್ಕಾಗಿಯೇ ಒಂದು ಅಧ್ಯಾಯವಿದೆ. ಬಡಿಯುವವರಿಗೆ ಅದರಿಂದ ಹುದುಗು ಬಲವಾಗುವುದೆಂದು ಗೊತ್ತಿತ್ತು. ಖಂಡಿಸುವವನಿಗೆ ಅದು ಅಸಹ್ಯವೆಂದು ತೋರಿತ್ತು. ಗಾಳಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಎತ್ತುವುದು ಹೇಗೆ? ಆಮ್ಲಜನಕವೆಂಬುದೊಂದು ಇದೆಯೆಂದು ತಿಳಿದದ್ದೇ ಆ ಶತಮಾನದ ಕೊನೆಯ ಭಾಗದಲ್ಲಿ.

ಗಾಳಿಯ ಪ್ರಶ್ನೆಯನ್ನು ಮೊದಲು ನೇರವಾಗಿ ಕೇಳಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞನಾದ ಗೇ-ಲುಸಾಕನು. ನಿಕೊಲಾ ಅಪೇರ್ ಎಂಬ ಮಿಠಾಯಿಗಾರನು ಆಹಾರವನ್ನು ಸೀಸೆಗಳಲ್ಲಿ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟು ಬಹುಕಾಲ ಕೆಡದಂತೆ ಕಾಪಾಡುವ ಉಪಾಯವನ್ನು ಕಂಡುಹಿಡಿದು, 1810ರಲ್ಲಿ ಸರಕಾರದಿಂದ 12,000 ಫ್ರಾಂಕುಗಳ ಬಹುಮಾನವನ್ನು ಪಡೆದಿದ್ದನು. ಕೆಡದಿರುವುದಕ್ಕೆ ಕಾರಣವೇನೆಂದು ಗೇ-ಲುಸಾಕನು ಅದೇ ವರ್ಷ ವಿಚಾರಮಾಡಿದನು. ಪಾದರಸದ ಮೇಲೆ ಕವುಚಿದ ಗಾಜಿನ ಗಂಟೆಯೊಳಗೆ, ಗಾಳಿಯನ್ನು ಹೊರಡಿಸಿ, ದ್ರಾಕ್ಷಿಯ ಹಣ್ಣುಗಳನ್ನು ಅಲ್ಲಿಯೇ ಹಿಸುಕಿದನು. ರಸವು ದಿನಗಟ್ಟಲೆ ಸುಮ್ಮನಿದ್ದಿತು. ಅದರೊಳಕ್ಕೆ ಸ್ವಲ್ಪ ಆಮ್ಲಜನಕವನ್ನು ಬಿಟ್ಟ ಕೂಡಲೆ ಹುದುಗು ಆರಂಭವಾಯಿತು. ಹುದುಗಿಗೆ ಪ್ರೇರಕವು ಆಮ್ಲಜನಕವೇ ಎಂದು ಅವನು ತೀರ್ಮಾನಿಸಿದನು.

ಮುಂದಿನ ಪೀಳಿಗೆಯವರು ಈ ತೀರ್ಮಾನವನ್ನು ತಳ್ಳಿಹಾಕಿದರು. 1837ರ ವೇಳೆಗೆ ಫ್ರಾನ್ಸಿನಲ್ಲಿ ಕಾನ್ಯಾರ್ ದ ಲಾ ತೂರನೂ ಜರ್ಮನಿಯಲ್ಲಿ ಶ್ವಾನನೂ ಕ್ಯುಟ್ಸಿಂಗನೂ ಯೀಸ್ಟು ಎಂಬುದು ಬರಿಯ ಮಡ್ಡಿಯಲ್ಲ, ಮೊಗ್ಗೊಡೆದು ಬೆಳೆಯುವ ಜೀವಿಯೆಂದು ಬೇರೆ ಬೇರೆಯಾಗಿ ಕಂಡರು. ಲೀಬಿಗನೂ ಅವನ ಮಿತ್ರ ವೋಲರನೂ 1839ರಲ್ಲಿ ತಮ್ಮ ಪತ್ರಿಕೆಯಲ್ಲಿಯೇ ಹೆಸರಿಲ್ಲದ ಒಂದು ಪರಿಹಾಸದ ಲೇಖನವನ್ನು ಪ್ರಕಟಿಸಿ, ಯೀಸ್ಟು ಸೂಕ್ಷ್ಮದರ್ಶಕದಲ್ಲಿ ಮೂತಿಯುಳ್ಳ ಪ್ರಾಣಿಯಂತೆ ಕಾಣುವುದೆಂದೂ, ಒಂದು ದ್ವಾರದಿಂದ ಮದ್ಯಸಾರವನ್ನೂ ಇನ್ನೊಂದರಿಂದ ಇಂಗಾಲಾಮ್ಲವನ್ನೂ ವಿಸರ್ಜಿಸುವುದೆಂದೂ ಗೇಲಿಮಾಡಿದರು. ದೊಡ್ಡವರ ಹಾಸ್ಯಕ್ಕೆ ಬಲ ಹೆಚ್ಚು. ಯೀಸ್ಟು ಜೀವಿಯೆಂಬ ಮಾತು ಇಪ್ಪತ್ತು ವರ್ಷ ಹಿಂದೆ ಬಿದ್ದಿತು. ಆದರೂ ಕೊನೆಗೆ ಗೆದ್ದುದು ಅದೇ. ಗೆದ್ದಮೇಲೆ, ಗೇ-ಲುಸಾಕನ ಪಾತ್ರೆಗೆ ಹೊರಗಿನಿಂದ ಹೊಕ್ಕದ್ದು ಆಮ್ಲಜನಕವಲ್ಲ, ಧೂಳಿನೊಡನೆ ಬಂದ ಜೀವಾಣು ಎಂದು ಜನರು ಹೇಳತೊಡಗಿದರು. ಪಾದರಸದ ಮೇಲೆ ಕುಳಿತ ಧೂಳಿನಲ್ಲಿಯೂ ಜೀವಾಣುಗಳಿರುವುವೆಂದು ಪಾಸ್ಟರನೇ ತೋರಿಸಿದ್ದನು.

ಇಲ್ಲಿ ಗೇ-ಲುಸಾಕನಿಗೆ ಸ್ವಲ್ಪ ಅನ್ಯಾಯವಾಯಿತೆಂದು ನನ್ನ ಅಭಿಪ್ರಾಯ. ಅವನು ಹಣ್ಣನ್ನು ಹಿಸುಕಿದ್ದು ಗಂಟೆಯೊಳಗೆ. ದ್ರಾಕ್ಷಿಯ ಸಿಪ್ಪೆಯ ಮೇಲೆಯೇ ಯೀಸ್ಟು ಇರುವುದೆಂಬುದು ಮುಂದೆ ಪಾಸ್ಟರನ ಪರೀಕ್ಷೆಗಳಿಂದಲೇ ಸ್ಥಾಪಿತವಾದ ಸಂಗತಿ. ಹಾಗಾದರೆ ಜೀವಿಯು ಮೊದಲೇ ಒಳಗಿದ್ದಿತು, ಕಾಯುತ್ತಿದ್ದುದು ಗಾಳಿಗಾಗಿ. ಜೀವಾಣುವೂ ಬೇಕು, ಆಮ್ಲಜನಕವೂ ಬೇಕು. ಒಬ್ಬನು ಒಂದನ್ನು ಕಂಡನು, ಇನ್ನೊಬ್ಬನು ಮತ್ತೊಂದನ್ನು. ಎರಡನೆಯದು ಕಂಡ ಸಂಭ್ರಮದಲ್ಲಿ ಮೊದಲನೆಯದನ್ನು ಎಲ್ಲರೂ ಮರೆತರು.

ಮರೆಯಲು ಬಿಡದವನು ಪಾಸ್ಟರನೇ ಎಂಬುದು ಈ ಕಥೆಯ ಸ್ವಾರಸ್ಯ. 1861ರಲ್ಲಿ ಅವನು ಯೀಸ್ಟನ್ನು ಎರಡು ಬಗೆಯಾಗಿ ಬೆಳೆಸಿ ನೋಡಿದನು. ಗಾಳಿಯಿಲ್ಲದ ಪಾತ್ರೆಯಲ್ಲಿ ಒಂದು ಪಾಲು ಯೀಸ್ಟು ಬೆಳೆಯಬೇಕಾದರೆ 60ರಿಂದ 80 ಪಾಲು ಸಕ್ಕರೆ ಖರ್ಚಾಗಿ, ಮದ್ಯಸಾರವು ಹೇರಳವಾಗಿ ಬಂದಿತು. ತೆಳುವಾಗಿ ಹರಡಿ ಗಾಳಿಯಾಡುವಂತೆ ಇಟ್ಟಾಗ 4ರಿಂದ 10 ಪಾಲು ಸಕ್ಕರೆಯಲ್ಲಿಯೇ ಅಷ್ಟು ಯೀಸ್ಟು ಬೆಳೆಯಿತು. ಮದ್ಯಸಾರ ಮಾತ್ರ ಅಲ್ಪ. ಗಾಳಿಯಿದ್ದರೆ ಯೀಸ್ಟು ನಮ್ಮಂತೆ ಉಸಿರಾಡಿ ಕೊಬ್ಬುವುದು. ಗಾಳಿಯಿಲ್ಲದಿದ್ದರೆ ಸಕ್ಕರೆಯನ್ನು ಒಡೆದು ಹೇಗೋ ಬದುಕುವುದು. ಹುದುಗುವಿಕೆಯೆಂದರೆ ಗಾಳಿಯಿಲ್ಲದ ಜೀವನ ಎಂಬುದು ಅವನ ಪ್ರಸಿದ್ಧವಾದ ವಾಕ್ಯ.

ಈ ಮಾತು ನಿಜವಾದರೆ ಬ್ರೂವರನು ಗಾಳಿಯನ್ನು ಪೂರ್ತಿಯಾಗಿ ದೂರವಿಡಬೇಕಷ್ಟೆ? ಇನ್ನೊಂದು ಕಾರಣದಿಂದಲೂ ಹಾಗೆಯೇ ತೋರುತ್ತಿತ್ತು. 1870-71ರ ಯುದ್ಧದಲ್ಲಿ ಫ್ರಾನ್ಸು ಜರ್ಮನಿಗೆ ಸೋತಿತು. ಬಾನ್ ವಿಶ್ವವಿದ್ಯಾನಿಲಯವು ಕೊಟ್ಟಿದ್ದ ಗೌರವ ಪದವಿಯ ಪತ್ರವನ್ನು ಹಿಂದಕ್ಕೆ ಕಳುಹಿಸಿದ್ದ ಪಾಸ್ಟರನು, ಜರ್ಮನರ ಬಿಯರಿಗೆ ಸರಿಮಿಗಿಲಾದ ಬಿಯರನ್ನು ಫ್ರೆಂಚರು ಮಾಡುವಂತಾಗಬೇಕೆಂದು ಹಟತೊಟ್ಟನು. 1871ರ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಹೋಗಿ ಚಿಸ್ವೆಲ್ ಬೀದಿಯ ವಿಟ್‌ಬ್ರೆಡ್ ಕಾರಖಾನೆಯನ್ನು ನೋಡಿದನು. ಅಲ್ಲಿಯ ಪೋರ್ಟರ್ ಎಂಬ ಕಪ್ಪು ಬಿಯರಿನ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಇದರಲ್ಲಿ ಬೇರೆ ಕ್ರಿಮಿಗಳು ಬೆರೆತಿವೆ, ಬಿಯರಿನ ರುಚಿಯೂ ಕೆಟ್ಟಿರಬೇಕು ಎಂದನು. ಯಜಮಾನರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡಿರಬೇಕು. ಆ ಯೀಸ್ಟಿನ ಮೇಲೆ ಅವರಿಗೂ ಆಗಲೇ ಸಂಶಯ ಹುಟ್ಟಿತ್ತು. ಒಂದು ವಾರದ ಮೇಲೆ ಅವನು ಮತ್ತೆ ಹೋದಾಗ ಕಾರಖಾನೆಯವರು ಒಂದು ಸೂಕ್ಷ್ಮದರ್ಶಕವನ್ನು ಕೊಂಡಿದ್ದರು. ಆ ಕ್ರಿಮಿಗಳು ಬರುವುದು ಪಾತ್ರೆಗಳಿಂದ, ಕೈಗಳಿಂದ, ಮತ್ತು ತೆರೆದ ತೊಟ್ಟಿಗಳ ಮೇಲೆ ಬೀಸುವ ಗಾಳಿಯಿಂದ. ಗಾಳಿಯೇ ಶತ್ರುವಿನ ವಾಹನ.

ಆದುದರಿಂದ ರಸವನ್ನು ಮುಚ್ಚಿದ ಪಾತ್ರೆಯಲ್ಲಿಯೇ ಆರಿಸಿ, ಹೊರಗಿನ ಗಾಳಿ ಸೋಂಕದಂತೆ ಹುದುಗಿಸುವ ಯಂತ್ರವೊಂದನ್ನು ಪಾಸ್ಟರನು ರಚಿಸಿದನು. ಕ್ರಿಮಿಗಳು ಬರಲಿಲ್ಲ. ಆದರೆ ಯೀಸ್ಟಿಗೂ ಸುಖವಾಗಲಿಲ್ಲ. ಗಾಳಿಯೇ ಇಲ್ಲದ ರಸದಲ್ಲಿ ಹುದುಗು ಮಂದವಾಗಿ ಎಳೆದಾಡಿತು. ಜೀವಕಣಗಳು ಮುದಿಯಾಗಿ, ಆಕಾರಗೆಟ್ಟು ಕಂಡವು. ಬೇರೆಯವರಾದರೆ ಇದನ್ನು ಅಡಗಿಸಿ ಯಂತ್ರವನ್ನು ಮಾರಲು ಹೊರಡುತ್ತಿದ್ದರೇನೋ. ಪಾಸ್ಟರನು ರಸದಲ್ಲಿ ಕರಗಿರುವ ಆಮ್ಲಜನಕವನ್ನೇ ಅಳೆಯತೊಡಗಿದನು. ಶ್ಯುಟ್ಸೆನ್‌ಬರ್ಜೆ ಎಂಬ ರಸಾಯನಜ್ಞನು ಆಗತಾನೆ ಕಂಡುಹಿಡಿದಿದ್ದ ಹೈಡ್ರೊಸಲ್ಫೈಟ್ ವಿಧಾನವು ಅವನಿಗೆ ಅನುಕೂಲವಾಯಿತು. ಯೀಸ್ಟನ್ನು ಹಾಕಿದ ಸ್ವಲ್ಪ ಹೊತ್ತಿನಲ್ಲಿಯೇ ರಸದೊಳಗಿನ ಆಮ್ಲಜನಕವೆಲ್ಲ ಮಾಯವಾಗುವುದೆಂದು ತಿಳಿದುಬಂದಿತು. ಬಿಸಿಯಾದ ರಸವು ಆಮ್ಲಜನಕವನ್ನು ತನ್ನ ಪದಾರ್ಥಗಳೊಡನೆ ರಾಸಾಯನಿಕವಾಗಿ ಕೂಡಿಸಿಕೊಳ್ಳುವುದೆಂಬುದನ್ನೂ ಅವನು ಗುರುತಿಸಿದನು. ಇಂದಿನ ಗೃಹಸ್ಥರು ರಸವು ಆರುವವರೆಗೆ ಕುಲುಕದಿರುವುದು ಈ ಭೇದವನ್ನು ಅರಿತೇ.

1876ರಲ್ಲಿ ಹೊರಬಂದ ಅವನ "ಬಿಯರಿನ ಅಧ್ಯಯನಗಳು" ಎಂಬ ಫ್ರೆಂಚ್ ಗ್ರಂಥದಲ್ಲಿ ಈ ವಿಷಯವೆಲ್ಲ ವಿಸ್ತಾರವಾಗಿದೆ. ಗಾಳಿಯು ಯೀಸ್ಟಿಗೆ ತಾರುಣ್ಯವನ್ನು ಕೊಡುವುದು; ಆ ತಾರುಣ್ಯದ ಬಲದಿಂದ ಅದು ಮುಂದೆ ಗಾಳಿಯಿಲ್ಲದೆಯೂ ಕೆಲಸಮಾಡಬಲ್ಲುದು; ಬಲವು ಮುಗಿದಾಗ ಮತ್ತೆ ಗಾಳಿ ಬೇಕು. ಇದು ಅವನ ವಿವರಣೆಯ ತಿರುಳು. ಅದಕ್ಕೆ ತಕ್ಕಂತೆ, ಹತ್ತಿಯಲ್ಲಿ ಸೋಸಿ ಶುದ್ಧಮಾಡಿದ ಗಾಳಿಯನ್ನು ಮಿತವಾಗಿ ಒಳಬಿಡುವಂತೆ ತನ್ನ ಯಂತ್ರವನ್ನು ಅಳವಡಿಸಿದನು. ಶತ್ರುವನ್ನು ಬಾಗಿಲಲ್ಲಿ ತಡೆದು ಮಿತ್ರನನ್ನು ಮಾತ್ರ ಒಳಕ್ಕೆ ಕರೆಯುವ ಈ ಏರ್ಪಾಡು ಇಂದಿಗೂ ದೊಡ್ಡ ಕಾರಖಾನೆಗಳಲ್ಲಿ ಬೇರೆ ರೂಪದಲ್ಲಿ ಇದೆ. ಗೃಹಸ್ಥನ ಮೀನುತೊಟ್ಟಿಯ ಪಂಪಿನ ಕೊಳವೆಗೂ ಒಂದು ಸಣ್ಣ ಶೋಧಕವನ್ನು ಸಿಕ್ಕಿಸುವುದುಂಟು.

ಪಾಸ್ಟರನಾದ ಮೇಲೆ ಎಮಿಲ್ ಕ್ರಿಶ್ಚಿಯನ್ ಹಾನ್ಸೆನನು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ 1883ರಲ್ಲಿ ಒಂದೇ ಕಣದಿಂದ ಶುದ್ಧವಾದ ಯೀಸ್ಟನ್ನು ಬೆಳೆಸಿದನು. 1897ರಲ್ಲಿ ಬುಖ್ನರನು ಯೀಸ್ಟನ್ನು ಅರೆದು ಹಿಂಡಿದ ನಿರ್ಜೀವ ರಸವೂ ಸಕ್ಕರೆಯನ್ನು ಹುದುಗಿಸುವುದೆಂದು ತೋರಿಸಿದನು. ಇವು ಬೇರೆಯೇ ಭಾಷಣಗಳಿಗೆ ವಿಷಯ. ನಮ್ಮ ಪ್ರಶ್ನೆಗೆ ಸಂಬಂಧಪಟ್ಟಷ್ಟು ಮಟ್ಟಿಗೆ ಪಂಡಿತರು ಬಹುಕಾಲ ಒಂದು ಅನುಕೂಲವಾದ ಉತ್ತರದಲ್ಲಿ ತೃಪ್ತರಾಗಿದ್ದರು. ಯೀಸ್ಟು ಮೊದಲು ಗಾಳಿಯನ್ನು ಉಸಿರಾಡಿ ಸಂತತಿಯನ್ನು ಬೆಳೆಸುವುದು, ಗಾಳಿ ಮುಗಿದ ಮೇಲೆ ಹುದುಗಿಸುವುದು ಎಂಬುದೇ ಆ ಉತ್ತರ. ಈಗಲೂ ಕೆಲವು ಕೈಪಿಡಿಗಳಲ್ಲಿ ಇದನ್ನೇ ಓದಬಹುದು. ಕೇಳಲು ಚೆನ್ನಾಗಿದೆ. ಲೆಕ್ಕಹಾಕಿದರೆ ನಿಲ್ಲುವುದಿಲ್ಲ.

ಲೆಕ್ಕ ಹೀಗೆ. ಆರಿದ ಯವರಸವು ಗಾಳಿಯಿಂದ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಮಾತ್ರ ಕರಗಿಸಿಕೊಳ್ಳಬಲ್ಲುದು. ಎಷ್ಟು ಕುಲುಕಿದರೂ ಅದಕ್ಕಿಂತ ಹೆಚ್ಚು ಹಿಡಿಯದು. ಒಂದು ಲೀಟರು ರಸದಲ್ಲಿರುವ ಸಕ್ಕರೆ ಮೊದಲಾದ ಸಾರವೋ ನೂರು ಗ್ರಾಮಿನಷ್ಟು. ಉಸಿರಾಟದಲ್ಲಿ 180 ಗ್ರಾಂ ದ್ರಾಕ್ಷಾಸಕ್ಕರೆ ಉರಿಯಲು 192 ಗ್ರಾಂ ಆಮ್ಲಜನಕ ಬೇಕು. ಹಾಗಾದರೆ 8 ಮಿಲಿಗ್ರಾಂ ಆಮ್ಲಜನಕದಿಂದ ಉರಿಯುವ ಸಕ್ಕರೆ 7½ ಮಿಲಿಗ್ರಾಂ. ನೂರು ಗ್ರಾಮಿನ ಮುಂದೆ ಇದು ಆನೆಯ ಮುಂದೆ ಇರುವೆ. ಇಷ್ಟನ್ನು ಉಸಿರಾಡಿ ಯಾವ ಸಂತತಿ ಬೆಳೆಯಬೇಕು? ಇದಲ್ಲದೆ, ಸಕ್ಕರೆ ಹೇರಳವಾಗಿರುವೆಡೆಯಲ್ಲಿ ಬಿಯರಿನ ಯೀಸ್ಟು ಗಾಳಿಯಿದ್ದರೂ ಉಸಿರಾಡದೆ ಹುದುಗಿಸುವುದೆಂದು ಈಗ ಚೆನ್ನಾಗಿ ತಿಳಿದಿದೆ. ಗೆಡ್ಡೆರೋಗದ ಕಣಗಳಲ್ಲಿ ಇದನ್ನು ಹೋಲುವ ವರ್ತನೆಯನ್ನು 1929ರಲ್ಲಿ ವರ್ಣಿಸಿದ ಕ್ರ್ಯಾಬ್‌ಟ್ರೀ ಎಂಬ ವಿಜ್ಞಾನಿಯ ಹೆಸರು ಇದಕ್ಕೆ ನಿಂತಿದೆ. ಪಾಸ್ಟರನು ಕಂಡ ಉಸಿರಾಟ ಸುಳ್ಳಲ್ಲ. ಆದರೆ ಅದಕ್ಕೆ ಸಕ್ಕರೆ ವಿರಳವಾಗಿಯೂ ಗಾಳಿ ನಿರಂತರವಾಗಿಯೂ ಇರಬೇಕು. ರೊಟ್ಟಿಯ ಯೀಸ್ಟನ್ನು ಬೆಳೆಸುವ ಕಾರಖಾನೆಗಳಲ್ಲಿ ಗಾಳಿಯನ್ನು ಎಡೆಬಿಡದೆ ಊದುತ್ತ ಸಕ್ಕರೆಯ ಮಡ್ಡಿಯನ್ನು ತೊಟ್ಟುತೊಟ್ಟಾಗಿ ಉಣಿಸುವುದು ಇದಕ್ಕಾಗಿಯೇ. ಬಿಯರಿನ ಪೀಪಾಯಿಯಲ್ಲಿ ಈ ಸ್ಥಿತಿ ಒದಗುವುದಿಲ್ಲ.

ಉತ್ತರವು ಬಂದದ್ದು ಬಿಯರಿನ ಕಾರಖಾನೆಯಿಂದಲ್ಲ. 1953 ಮತ್ತು 1954ರಲ್ಲಿ ಆಂಡ್ರಿಯಾಸೆನ್, ಸ್ಟಿಯರ್ ಎಂಬ ಇಬ್ಬರು ವಿಜ್ಞಾನಿಗಳು ಯೀಸ್ಟನ್ನು ಗಾಳಿಯ ಸುಳಿವೂ ಇಲ್ಲದೆ ಬೆಳೆಸಲು ಯತ್ನಿಸಿದರು. ಸಕ್ಕರೆ, ಲವಣ, ಜೀವಸತ್ವ ಎಲ್ಲವನ್ನೂ ಕೊಟ್ಟರೂ ಬೆಳವಣಿಗೆ ನಿಂತುಹೋಗುತ್ತಿತ್ತು. ಅರ್ಗೊಸ್ಟೆರಾಲ್ ಎಂಬ ಮೇಣದಂತಹ ಪದಾರ್ಥವನ್ನೂ, ಓಲಿಯಿಕ್ ಆಮ್ಲದಂತಹ ಒಂದು ಬಗೆಯ ಕೊಬ್ಬಿನ ಆಮ್ಲವನ್ನೂ ಸೇರಿಸಿದಾಗ ಯೀಸ್ಟು ಗಾಳಿಯಿಲ್ಲದೆಯೇ ಬೆಳೆಯಿತು. ಇವೆರಡೂ ಜೀವಕಣದ ಪೊರೆಯನ್ನು ಕಟ್ಟುವ ಸಾಮಗ್ರಿಗಳು. ಇವನ್ನು ಯೀಸ್ಟು ತಾನೇ ತಯಾರಿಸಿಕೊಳ್ಳಬಲ್ಲುದು; ಆದರೆ ಆ ತಯಾರಿಕೆಯ ಕೆಲವು ಮೆಟ್ಟಲುಗಳಲ್ಲಿ ಆಮ್ಲಜನಕದ ಪರಮಾಣುಗಳೇ ಬೇಕು. ಸ್ಟೆರಾಲುಗಳು ಜೀವಿಗಳಲ್ಲಿ ಹುಟ್ಟುವ ಮಾರ್ಗವನ್ನು ಬಿಡಿಸಿದುದಕ್ಕಾಗಿ ಕೊನ್ರಾಡ್ ಬ್ಲಾಖನಿಗೆ 1964ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಹೀಗೆ, ಯವರಸದ ಗಾಳಿ ಯೀಸ್ಟಿಗೆ ಉಸಿರಲ್ಲ. ಮನೆ ಕಟ್ಟುವ ಸುಣ್ಣಗಾರೆ. ರಸಕ್ಕೆ ಬಿದ್ದ ಯೀಸ್ಟು ಕೆಲವು ಗಂಟೆಗಳಲ್ಲಿ ಇರುವ ಆಮ್ಲಜನಕವನ್ನೆಲ್ಲ ಹೀರಿ ತನ್ನ ಪೊರೆಗೆ ಬೇಕಾದ ಸ್ಟೆರಾಲನ್ನು ಶೇಖರಿಸಿಕೊಳ್ಳುವುದು. ಅನಂತರ ಗಾಳಿಯಿಲ್ಲದೆಯೇ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುವುದು. ಪ್ರತಿಯೊಂದು ಸಲವೂ ತಾಯಿಯು ತನ್ನ ಸೊತ್ತನ್ನು ಮಗುವಿನೊಡನೆ ಹಂಚಿಕೊಳ್ಳಬೇಕು. ಸೊತ್ತು ತೀರ ಕಡಮೆಯಾದಾಗ ಪೊರೆ ದುರ್ಬಲವಾಗಿ, ತಾನೇ ಮಾಡಿದ ಮದ್ಯಸಾರವನ್ನು ತಾನೇ ತಾಳಲಾರದೆ, ಸಕ್ಕರೆ ಇನ್ನೂ ಉಳಿದಿರುವಾಗಲೇ ಹುದುಗು ನಿಂತುಬಿಡುವುದು. ಪಾಸ್ಟರನು ಕಂಡ ಮುದಿ ಕಣಗಳು ಇವೇ. ತಾರುಣ್ಯವೆಂದು ಅವನು ಯಾವುದನ್ನು ಕರೆದನೋ ಅದನ್ನು ಈಗ ಸೀಸೆಯಲ್ಲಿ ತುಂಬಿ ತೂಕಮಾಡಬಹುದು. ಅವನ ಕಾಲದ ರಸಾಯನಶಾಸ್ತ್ರದಲ್ಲಿ ಅದಕ್ಕೆ ಹೆಸರಿರಲಿಲ್ಲ. ತಾನ್ರೆ ಎಂಬವನು ಅರ್ಗೊಸ್ಟೆರಾಲನ್ನು ಮೊದಲು ಬೇರ್ಪಡಿಸಿದ್ದು 1889ರಲ್ಲಿ. ಅವನ ವಿವರಣೆಯನ್ನು ಕಾವ್ಯವೆಂದು ತಳ್ಳಿದವರಿಗಿಂತ, ಅದರ ಅರ್ಥವನ್ನು ಉಸಿರಾಟಕ್ಕೆ ಇಳಿಸಿ ಸರಳಮಾಡಿದವರೇ ಹೆಚ್ಚು ದಾರಿತಪ್ಪಿಸಿದರೆಂದು ತೋರುತ್ತದೆ.

ಮೊದಲು ಕೇಳಿದ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಆರಂಭದಲ್ಲಿ ಕೊಟ್ಟ ಗಾಳಿ ಯೀಸ್ಟಿನ ಒಡಲು ಸೇರಿ ಮುಗಿದುಹೋಗುವುದು. ಬಿಯರಿಗೆ ಅದರಿಂದ ಕೇಡಿಲ್ಲ. ಹುದುಗು ಮುಗಿದಮೇಲೆ ಬಂದ ಗಾಳಿಯನ್ನು ಹಾಗೆ ನುಂಗಿಬಿಡುವವರಿಲ್ಲದೆ, ಅದು ಬಿಯರಿನ ಸಾರದೊಡನೆಯೇ ಕೂಡಿ ರುಚಿಗೆಡಿಸುವುದು.

ಆಂಡ್ರಿಯಾಸೆನ್, ಸ್ಟಿಯರ್ ಇವರ ಪ್ರಯೋಗದಿಂದ ಒಂದು ತಮಾಷೆಯ ಪ್ರಶ್ನೆ ಏಳುವುದು. ಗಾಳಿಗೆ ಬದಲು ಕೊಬ್ಬನ್ನೇ ಕೊಟ್ಟರೆ ಸಾಲದೆ? ಅಮೆರಿಕದ ಕೊಲರಾಡೊ ಸಂಸ್ಥಾನದ ನ್ಯೂ ಬೆಲ್ಜಿಯಂ ಕಾರಖಾನೆಯಲ್ಲಿ ಗಾಳಿಯೂಡುವುದನ್ನು ಬಿಟ್ಟು, ಯೀಸ್ಟಿಗೆ ಆಲಿವ್ ಎಣ್ಣೆಯನ್ನು ಬೆರಸಿ ನೋಡಿದರು; ಅದರ ವಿವರ 2008ರಲ್ಲಿ ಪ್ರಕಟವಾಯಿತು. ಓಲಿಯಿಕ್ ಆಮ್ಲಕ್ಕೆ ಹೆಸರು ಬಂದಿರುವುದೇ ಎಣ್ಣೆಯಿಂದ. ಬೇಕಾದ ಎಣ್ಣೆ ಬಹು ಸ್ವಲ್ಪ. ಒಂದು ದೊಡ್ಡ ಪೀಪಾಯಿಗೆ ಚಮಚಗಳ ಲೆಕ್ಕ. ಈ ಸುದ್ದಿಯನ್ನು ಕೇಳಿ ಮನೆಯಲ್ಲಿ ಬಿಯರು ಮಾಡುವವರು ಸಲಾಡಿನ ಸೀಸೆಯನ್ನು ಕೈಗೆತ್ತಿಕೊಂಡರು. ಆದರೆ ಅವರು ಮಾಡುವ 20 ಲೀಟರು ರಸಕ್ಕೆ ಬೇಕಾದುದು ಒಂದು ಹನಿಯ ಅತ್ಯಲ್ಪ ಭಾಗ. ಅಷ್ಟು ಎಣ್ಣೆಯನ್ನು ಅಳೆಯುವ ಸಾಧನ ಅಡಿಗೆಮನೆಯಲ್ಲಿ ಇರುವುದಿಲ್ಲ. ಎಣ್ಣೆ ಹೆಚ್ಚಾದರೆ ಬಿಯರಿನ ಮೇಲಣ ನೊರೆ ನಿಲ್ಲುವುದಿಲ್ಲ. ಅಲ್ಲದೆ ಎಣ್ಣೆಯು ಸ್ಟೆರಾಲನ್ನು ಒದಗಿಸಲಾರದು. ಬಹುಮಂದಿ ಮತ್ತೆ ಪಾತ್ರೆ ಕುಲುಕುವುದಕ್ಕೇ ಹಿಂತಿರುಗಿದರು.

ಅಂಗಡಿಯಿಂದ ಒಣ ಯೀಸ್ಟಿನ ಪೊಟ್ಟಣವನ್ನು ತರುವವರಿಗೆ ಮಾತ್ರ ಆ ಶ್ರಮವೂ ಅಷ್ಟಾಗಿ ಬೇಕಿಲ್ಲ. ಆ ಯೀಸ್ಟನ್ನು ಕಾರಖಾನೆಯಲ್ಲಿ ಧಾರಾಳವಾದ ಗಾಳಿಯಲ್ಲಿ ಬೆಳೆಸಿರುವುದರಿಂದ ಅದು ಪೊರೆಯ ಸಾಮಗ್ರಿಯನ್ನು ತವರಿನಿಂದಲೇ ತುಂಬಿಕೊಂಡು ಬಂದಿರುತ್ತದೆ. ಮೊದಲನೆಯ ಪಾತ್ರೆಯ ತಳದಲ್ಲಿ ಉಳಿದ ಯೀಸ್ಟನ್ನು ಎತ್ತಿ ಎರಡನೆಯ ಪಾತ್ರೆಗೆ ಹಾಕುವಾಗ ಆ ಗಂಟು ಕರಗಿರುತ್ತದೆ. ಆಗ ರಸವನ್ನು ನೊರೆಬರುವಂತೆ ಎತ್ತಿ ಹೊಯ್ಯಲೇಬೇಕು.